ಕೂನೂರಿನ ನೀಲಿ ರಿಬ್ಬನ್

ಮೇ ತಿಂಗಳ ಉದಕಮಂಡಲವನ್ನು ಕಂಡವರಿಗೆ ಅಲ್ಲಿಯ ಪುಷ್ಪಪ್ರದರ್ಶನದ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಅದೇ ಋತುವಿನಲ್ಲಿ ಕಲಾ ಕಾಲೇಜಿನ ಮೈದಾನದಲ್ಲಿ ಏರ್ಪಡುವ ಶ್ವಾನಪ್ರದರ್ಶನದತ್ತ ನಮ್ಮ ಕಡೆಯ ಪ್ರವಾಸಿಗರು ಕಾಲಿಡುವುದು ಅಪರೂಪ. ನಾವೂ ಇಡುತ್ತಿರಲಿಲ್ಲ, ಎಂಟು ವರ್ಷದ ಮಗಳ ಹಟಕ್ಕೆ ಸೋತು ಹೋದೆವು.

ಅಲ್ಲಿ ನೋಡಲು ಬಂದ ನಮಗಿಂತ ನಾಯಿಗಳೇ ಹೆಚ್ಚು ಶಿಸ್ತಿನಿಂದಿದ್ದವು. ತೀರ್ಪುಗಾರರು ಒಂದೊಂದರ ಹಲ್ಲು ನೋಡಿ, ಬೆನ್ನು ಸವರಿ, ಓಡಿಸಿ ನಡಿಗೆ ಪರೀಕ್ಷಿಸಿ, ಕಡೆಗೆ ಗೆದ್ದ ನಾಯಿಯ ಒಡೆಯನ ಕೈಗೆ ರಿಬ್ಬನ್ನಿನ ಒಂದು ಹೂವನ್ನು ಕೊಟ್ಟರು. "ಅಪ್ಪಾ, ಇಷ್ಟೆಲ್ಲ ಮಾಡಿದ್ದಕ್ಕೆ ಜಡೆಗೆ ಕಟ್ಟುವ ಟೇಪೇ ಕೊಡೋದು?" ಎಂದು ಮಗಳು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಬೇಟೆನಾಯಿಗಳ ಪ್ರದರ್ಶನ ನಡೆದಾಗ ಗೆದ್ದವರಿಗೆ ಬಂದೂಕನ್ನು ಕೊಟ್ಟಿದ್ದರು. ಬಂದೂಕಿನಿಂದ ಟೇಪಿಗೆ ಇಳಿದದ್ದು ಅವನತಿಯೋ ನಾಗರಿಕತೆಯೋ, ಆ ನಾಯಿಗಳೇ ಹೇಳಬೇಕು.

ಮರುದಿನ ಬೆಟ್ಟದ ರೈಲಿನಲ್ಲಿ ಕೂನೂರಿಗೆ ಇಳಿದೆವು. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ 1899ರಲ್ಲಿಯೂ ಉದಕಮಂಡಲಕ್ಕೆ 1908ರಲ್ಲಿಯೂ ಬಂದ ಈ ಪುಟ್ಟ ರೈಲಿಗೆ ಅವಸರವೆಂಬುದು ಗೊತ್ತಿಲ್ಲ. ನೀಲಗಿರಿಮರಗಳ ವಾಸನೆ, ತೇಯಿಲೆ ತೋಟಗಳ ಹಸಿರು, ತಿರುವಿಗೊಂದು ಮಂಜಿನ ತೆರೆ: ಇವನ್ನು ಬಲ್ಲವರು ಸಾಕಷ್ಟು ಬಣ್ಣಿಸಿದ್ದಾರೆ. ನನ್ನ ಕಥೆ ಇರುವುದು ಆ ಮಂಜು ಮನೆಯೊಳಗೆ ಬಂದಾಗ ಏನಾಗುತ್ತದೆಂಬುದರಲ್ಲಿ.

ಕೂನೂರಿನಲ್ಲಿ ನನ್ನ ಹೆಂಡತಿಯ ದೊಡ್ಡಮ್ಮನವರಿದ್ದಾರೆ. ದೊಡ್ಡಪ್ಪನವರು ತೇಯಿಲೆ ತೋಟವೊಂದರಲ್ಲಿ ಮ್ಯಾನೇಜರಾಗಿದ್ದು, ನಿವೃತ್ತರಾದ ಮೇಲೂ ಇಲ್ಲಿಯೇ ನೆಲೆಸಿ, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಅವರಿಗೆ ನಾಯಿಗಳೆಂದರೆ ಪ್ರಾಣ. ಹಜಾರದಲ್ಲಿ ಕಿಟಕಿಗೆ ಎದುರಾದ ಗೋಡೆಯ ತುಂಬ ಅವರ ನಾಯಿಗಳು ಗೆದ್ದ ರಿಬ್ಬನ್ನುಗಳು ಸಾಲುಸಾಲಾಗಿ ತೂಗುತ್ತಿದ್ದವು. ಮಗಳು ಓಡಿಹೋಗಿ ನೋಡಿ, ನಿರಾಶೆಯಿಂದ, "ಎಲ್ಲಾ ಒಂದೇ ಬಣ್ಣ" ಎಂದಳು.

ನಿಜ. ದಿನವೂ ಬೆಳಗಿನ ಬಿಸಿಲು ನೇರವಾಗಿ ಬಿದ್ದು ಕೆಂಪು, ನೀಲಿ, ಹಸಿರುಗಳೆಲ್ಲ ಒಣಗಿದ ಬಾಳೆಪಟ್ಟೆಯ ಬಣ್ಣಕ್ಕೆ ತಿರುಗಿದ್ದವು. ನಾನು ಒಂದು ಹೂವಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿದೆ. ಒಳಗೆ, ಬೆಳಕು ಮುಟ್ಟದ ಒಂದು ಗೆರೆಯಲ್ಲಿ, ಕುಂಕುಮದಂಥ ಕೆಂಪು ಇನ್ನೂ ಹಾಗೆಯೇ ಇತ್ತು. ಬೆಳಕು ಮಾಡುವ ಹಾನಿ ದಿನದಿನವೂ ಕೂಡುತ್ತ ಹೋಗುತ್ತದೆ. ಆಮೇಲೆ ಕತ್ತಲೆಯಲ್ಲಿಟ್ಟರೂ ಹೋದ ಬಣ್ಣ ಬರುವುದಿಲ್ಲ.

"ಹಾಗೆಂದೇ ಉಳಿದವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಅಳಿಯಂದಿರೇ" ಎಂದು ದೊಡ್ಡಮ್ಮ ಟ್ರಂಕನ್ನು ತೆರೆಸಿದರು. ಅಲ್ಲಿ ಕಂಡದ್ದು ಇನ್ನೊಂದು ಬಗೆಯ ನಾಶ. ನೀಲಗಿರಿಯಲ್ಲಿ ಮುಂಗಾರು ಮುಗಿಯಿತೆನ್ನುವಾಗ ಹಿಂಗಾರು ಹಿಡಿಯುತ್ತದೆ. ಕೂನೂರಿಗಂತೂ ಹಿಂಗಾರಿನದೇ ಜೋರು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟ ರಿಬ್ಬನ್ನುಗಳೊಳಗೆ ತೇವ ಸೆರೆಯಾಗಿ ಬೂಷ್ಟು ಹಿಡಿದಿತ್ತು. ಗುಂಡುಸೂಜಿಗಳು ತುಕ್ಕಾಗಿ ರೇಷ್ಮೆಯ ಮೇಲೆ ಕಂದು ಕಲೆ ಬಿಟ್ಟಿದ್ದವು. ಹೂವಿನ ನಡುವಿನ ಕಾಗದದ ಬಿಲ್ಲೆಯನ್ನು ಅಂಟಿನ ಆಸೆಗೆ ಬೆಳ್ಳಿಹುಳುಗಳು ಕೆರೆದು ತಿಂದಿದ್ದವು. ನುಸಿಗುಳಿಗೆಗಳೇನೋ ಧಾರಾಳವಾಗಿದ್ದವು; ಆದರೆ ಅವು ಬೂಷ್ಟನ್ನು ತಡೆಯಲಾರವು.

ವೃತ್ತಿಯಿಂದ ನಾನು ಓಲೆಗರಿಗಳ ಮುಖ ಕಂಡವನು. ಹಳೆಯ ಲಿಪಿಕಾರನಿಗೆ ಒಂದು ಒಳ್ಳೆಯ ರೂಢಿಯಿತ್ತು: ಬರೆದು ಮುಗಿಸಿದ ಮೇಲೆ ಕಡೆಯ ಗರಿಯಲ್ಲಿ ಸಂವತ್ಸರ, ತಿಥಿ, ತನ್ನ ಹೆಸರುಗಳನ್ನು ಕಾಣಿಸುತ್ತಿದ್ದ. ಕಡೆಯ ಗರಿ ಕಳೆದುಹೋದ ಕಟ್ಟು ಎಷ್ಟು ತಲೆನೋವು ಕೊಡುತ್ತದೆಂಬುದು ಸಂಪಾದಕರಿಗೆ ಗೊತ್ತು. ಈ ರಿಬ್ಬನ್ನುಗಳಿಗೂ ಅದೇ ಗತಿ. ಯಾವ ನಾಯಿ, ಯಾವ ಊರು, ಯಾವ ವರ್ಷ ಎಂಬುದು ದೊಡ್ಡಮ್ಮನವರ ನೆನಪಿನಲ್ಲಿ ಮಾತ್ರವಿತ್ತು. ಅವರಿಗೆ ಎಂಬತ್ತೆರಡು.

ಆ ಮಧ್ಯಾಹ್ನ ಸಿಮ್ಸ್ ಪಾರ್ಕಿಗೆ ಹೋಗುವ ಕಾರ್ಯಕ್ರಮವನ್ನು ಬಿಟ್ಟೆವು. ಬಟ್ಟೆಯ ಮೇಲೆ ಶಾಯಿ ಹರಡುತ್ತದೆಂದು ಸೀಸದಕಡ್ಡಿಯಿಂದ ದಪ್ಪ ಕಾಗದದ ಚೀಟಿಗಳಲ್ಲಿ ಬರೆದು ದಾರದಿಂದ ಕಟ್ಟತೊಡಗಿದೆ. ಬೂಷ್ಟು ಹಿಡಿದವನ್ನು ನೆರಳಿನಲ್ಲಿ ಗಾಳಿಗೆ ಹರವಿ, ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಒರೆಸಿದೆವು. ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ಉದ್ದನೆಯ ಪಟ್ಟಿಗಳನ್ನು ಮಡಿಸದೆ ಸುರುಳಿ ಸುತ್ತಿದೆವು, ಏಕೆಂದರೆ ಹಳೆಯ ರೇಷ್ಮೆ ಮಡಿಕೆಯ ಗೆರೆಯಲ್ಲಿಯೇ ಸೀಳುತ್ತದೆ. ಆಮ್ಲವಿಲ್ಲದ ಕಾಗದ ಸಿಗುವವರೆಗೆ ಒಗೆದ ಬಿಳಿಯ ಹತ್ತಿಪಂಚೆಯೇ ಸಾಕಾಯಿತು. ದೊಡ್ಡಮ್ಮ ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು, "ಇದು ಟೈಗರದ್ದು, ಮದರಾಸಿನಲ್ಲಿ, ಆ ದಿನ ಇವಳಮ್ಮನ ಮದುವೆಯ ಮಾತುಕತೆ" ಎಂದು ಮನೆಯ ಚರಿತ್ರೆಯನ್ನೂ ಸೇರಿಸಿ ಹೇಳಿದರು. 43ರಲ್ಲಿ 34ಕ್ಕೆ ಹೆಸರು ಸಿಕ್ಕಿತು.

ಸಿಗದವುಗಳಲ್ಲಿ ನೀಲಿಯದೊಂದು ಇತ್ತು. ಪೆಟ್ಟಿಗೆಯ ತಳದಲ್ಲಿದ್ದುದರಿಂದ ಬಣ್ಣವೇನೋ ನವಿಲಿನ ಕೊರಳಿನಂತೆ ಉಳಿದಿತ್ತು. ಚಿನ್ನದ ಅಕ್ಷರಗಳು ಮಾತ್ರ ಉದುರಿಹೋಗಿದ್ದವು. "ಇದು ನಮ್ಮ ಹುಡುಗಿಯ ನಾಯಿಯದು, ಅಮೆರಿಕದಿಂದ ಕಳುಹಿಸಿದಳು. ಮೊದಲನೆಯ ಬಹುಮಾನ ಎಂದು ಬರೆಯಿರಿ" ಎಂದರು. ನನ್ನ ಕೈ ತಡೆಯಿತು. ಅಮೆರಿಕದಲ್ಲಿ ನೀಲಿಯೇ ಮೊದಲನೆಯದು, ಕೆಂಪು ಎರಡನೆಯದು. ಇಂಗ್ಲೆಂಡಿನಲ್ಲಿ ತಲೆಕೆಳಗು, ಕೆಂಪು ಮೊದಲು, ನೀಲಿ ಎರಡನೆಯದು. ದೊಡ್ಡಪ್ಪನವರು ಮದುವೆಗೆ ಮುಂಚೆ ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದರೆಂದು ಅದೇ ಮಧ್ಯಾಹ್ನ ಕೇಳಿದ್ದೆ. ಹಿರಿಯರ ಮಾತನ್ನು ಮೀರಲೂ ಮನಸ್ಸಿಲ್ಲ, ತಿಳಿಯದ್ದನ್ನು ಬರೆಯಲೂ ಮನಸ್ಸಿಲ್ಲ. ಚೀಟಿಯಲ್ಲಿ "ನೀಲಿ" ಎಂದಷ್ಟೇ ಬರೆದು ಮುಂದಿನ ಜಾಗವನ್ನು ಖಾಲಿ ಬಿಟ್ಟೆ.

ರಾತ್ರಿ ಊಟವಾದ ಮೇಲೆ, ಅಲ್ಲಿ ಬೆಳಗಾಗುವ ಹೊತ್ತಿಗೆ, ಮಗಳಿಗೆ ಫೋನು ಮಾಡಿದರು. ಆಕೆ ನಕ್ಕಳಂತೆ. "ನಾನು ಕಳುಹಿಸಿದ್ದು ಹಳದಿಯವು ಮಾತ್ರ, ಅಮ್ಮ. ನಮ್ಮ ಸೀಸರ್ ಮೂರನೆಯದರಿಂದ ಮೇಲಕ್ಕೆ ಹೋಗಲೇ ಇಲ್ಲ. ನೀಲಿಯದು ಅಪ್ಪನದು. ಆ ಊರಿನ ಮನೆಯೊಡತಿಯ ಸ್ಪ್ಯಾನಿಯಲ್ ನಾಯಿಯನ್ನು ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ ಎಂದು ನನಗೊಮ್ಮೆ ಹೇಳಿದ್ದರು."

ದೊಡ್ಡಮ್ಮ ಬಹಳ ಹೊತ್ತು ಆ ರಿಬ್ಬನ್ನನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. "ಎರಡನೆಯದಲ್ಲವೇ, ಅದಕ್ಕೇ ನನಗೆ ಹೇಳಲಿಲ್ಲ. ಗೆದ್ದದ್ದನ್ನು ಮಾತ್ರ ತೋರಿಸುವ ಜಾತಿ ಅವರದು" ಎಂದರು. ಸ್ವಲ್ಪ ತಡೆದು, "ಇದನ್ನು ಪೆಟ್ಟಿಗೆಗೆ ಹಾಕಬೇಡಿ. ಗೋಡೆಗೆ ಹಾಕಿ" ಎಂದರು.

ಬಿಸಿಲಿನ ವಿಷಯವನ್ನು ನಾನು ಮತ್ತೊಮ್ಮೆ ವಿವರಿಸಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಕಡೆಗೆ ದೇವರ ಮನೆಗೆ ಹೋಗುವ ಓಣಿಯಲ್ಲಿ, ಕಿಟಕಿಯಿಲ್ಲದ ಗೋಡೆಯೊಂದು ಸಿಕ್ಕಿತು. ಹಳೆಯ ಫೋಟೋ ಚೌಕಟ್ಟೊಂದರಲ್ಲಿ, ಗಾಜಿಗೆ ತಾಗದಂತೆ ಸುತ್ತಲೂ ಅಂಚುಪಟ್ಟಿ ಕೊಟ್ಟು, ಹಿಂದೆ ಹತ್ತಿಬಟ್ಟೆ ಹಾಸಿ ಅದನ್ನು ಹೊಲಿದು ನಿಲ್ಲಿಸಿದೆವು. ಚೀಟಿಯ ಖಾಲಿ ಜಾಗವನ್ನು ಅವರೇ ಸೀಸದಕಡ್ಡಿ ತೆಗೆದುಕೊಂಡು ತುಂಬಿದರು. ದೊಡ್ಡಪ್ಪನವರ ಹೆಸರು, "ಇಂಗ್ಲೆಂಡು", "ಎರಡನೆಯದು". ವರ್ಷ ಮಾತ್ರ ಗೊತ್ತಾಗಲಿಲ್ಲ.