ಪೆಟ್ಟಿಗೆಯೊಳಗಿನ ಎರಡು ತಟ್ಟೆಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಮಕ್ಕಳಿಗೆ ಕಬ್ಬಿನ ಗಾಡಿಯ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಟಾವಿನ ಕಾಲ ಬಂತೆಂದರೆ ರಸ್ತೆಯ ತುಂಬ ಕಬ್ಬು. ನಾನು ಆರನೇ ತರಗತಿಯಲ್ಲಿದ್ದಾಗ ಒಂದು ರಾತ್ರಿ ಅಜ್ಜನ ಜೊತೆ ಎತ್ತಿನ ಗಾಡಿ ಏರಿ ಸಕ್ಕರೆ ಕಾರ್ಖಾನೆಗೆ ಹೋಗಿದ್ದೆ. ಸಾಲಿನಲ್ಲಿ ನಿಂತು ನಿಂತು ಕೊನೆಗೆ ನಮ್ಮ ಸರದಿ ಬಂದಾಗ ಬೆಳಗಿನ ಜಾವವಾಗಿತ್ತು.

ಗಾಡಿ ಕಾಟಾದ ಮೇಲೆ ನಿಂತಿತು. ಕಿಟಕಿಯಲ್ಲಿ ಕೆಂಪು ಅಂಕಿಗಳು ಹೊಳೆದವು. ನಾನು ಕಬ್ಬಿನ ಮೇಲೆಯೇ ಕುಳಿತಿದ್ದೆ. "ಏ ತಮ್ಮಾ, ಕೆಳಗ ಇಳಿ" ಎಂದು ತೂಕದವರು ಕೂಗಿದರು. ನಾನು ಇಳಿದು ಕಾಟಾದಿಂದ ದೂರ ಸರಿದ ಕೂಡಲೇ ಅಂಕಿ 30 ಕಿಲೋಗ್ರಾಂ ಕಡಿಮೆಯಾಯಿತು. ಶಾಲೆಯಲ್ಲಿ ನೋಡಿದ್ದ ನನ್ನ ತೂಕವೂ ಹೆಚ್ಚುಕಡಿಮೆ ಅಷ್ಟೇ! ನನಗೆ ಬಹಳ ಖುಷಿಯಾಯಿತು.

ಅಜ್ಜನಿಗೆ ಮಾತ್ರ ಸಮಾಧಾನವಿರಲಿಲ್ಲ. ದಾರಿಯಲ್ಲಿ ಅವನು ಹೇಳಿದ: "ತಕ್ಕಡಿಗೆ ಎರಡ ತಟ್ಟಿ ಇರ್ತಾವ. ಒಂದ್ರಾಗ ಬೆಲ್ಲ, ಇನ್ನೊಂದ್ರಾಗ ಕಲ್ಲು. ಮುಳ್ಳ ನೆಟ್ಟಗ ನಿಂತ್ರ ನಮ್ಮ ಕಣ್ಣಿಗೇ ಕಾಣತೈತಿ. ಈ ಡಬ್ಬ್ಯಾಗ ತಟ್ಟಿ ಎಲ್ಲೈತಿ?"

ವರ್ಷವಿಡೀ ನೀರು ಹಾಯಿಸಿ, ಸಾಲ ಮಾಡಿ ಬೆಳೆದ ಕಬ್ಬು ಅದು. ಆ ಅಂಕಿಯ ಮೇಲೆಯೇ ನಮ್ಮ ಮನೆಯ ವರ್ಷದ ಖರ್ಚು ನಿಂತಿತ್ತು. ಅಜ್ಜನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ಎಲೆಕ್ಟ್ರಾನಿಕ್ಸ್ ಓದುವಾಗ ಅದು ಸಿಕ್ಕಿತು.

ಕಾಟಾದ ಕೆಳಗೆ ಲೋಡ್ ಸೆಲ್ ಎಂಬ ಗಟ್ಟಿ ಉಕ್ಕಿನ ತುಂಡುಗಳಿರುತ್ತವೆ. ಅವುಗಳಿಗೆ ಕೂದಲಿನಷ್ಟು ತೆಳುವಾದ ಲೋಹದ ಎಳೆಗಳನ್ನು ಅಂಟಿಸಿರುತ್ತಾರೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಕೆಲವು ಎಳೆಗಳು ಹಿಗ್ಗಿ ಅವುಗಳ ವಿದ್ಯುತ್ ರೋಧ ಹೆಚ್ಚುತ್ತದೆ. ಕೆಲವು ಕುಗ್ಗಿ ರೋಧ ಇಳಿಯುತ್ತದೆ. ಇವುಗಳಿಂದ ಎರಡು ತಂತಿಗಳು ಪೆಟ್ಟಿಗೆಗೆ ಬರುತ್ತವೆ. ಕಾಟಾ ಖಾಲಿ ಇದ್ದಾಗ ಎರಡರಲ್ಲೂ ಸರಿಸಮ ವೋಲ್ಟೇಜ್, 5 ವೋಲ್ಟ್ ಎನ್ನೋಣ. ಭಾರ ಬಿದ್ದಾಗ ಒಂದರಲ್ಲಿ ತುಸು ಏರುತ್ತದೆ, ಇನ್ನೊಂದರಲ್ಲಿ ತುಸು ಇಳಿಯುತ್ತದೆ.

ಎಷ್ಟು ತುಸು? ಒಂದು ಲೆಕ್ಕ ನೋಡೋಣ. 40 ಟನ್ ಭಾರಕ್ಕೆ ಈ ಎರಡು ತಂತಿಗಳ ನಡುವಿನ ವ್ಯತ್ಯಾಸ 20 ಮಿಲಿವೋಲ್ಟ್ ಎಂದುಕೊಳ್ಳಿ. ಮಿಲಿವೋಲ್ಟ್ ಎಂದರೆ ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗ. ಹಾಗಾದರೆ 30 ಕಿಲೋಗ್ರಾಮಿನ ನನ್ನ ಪಾಲಿಗೆ ಬಂದದ್ದು ಒಂದು ಮಿಲಿವೋಲ್ಟಿನ ನೂರರಲ್ಲಿ ಒಂದೂವರೆ ಭಾಗ ಮಾತ್ರ! ಇಷ್ಟು ಸಣ್ಣ ಸಂಕೇತವನ್ನು ಅಂಕಿಯಾಗಿ ತೋರಿಸಬೇಕಾದರೆ ಮೊದಲು ಅದನ್ನು ದೊಡ್ಡದು ಮಾಡಬೇಕು. ಆ ಕೆಲಸವನ್ನು ಟ್ರಾನ್ಸಿಸ್ಟರ್ ಮಾಡುತ್ತದೆ.

ಟ್ರಾನ್ಸಿಸ್ಟರಿಗೆ ಮೂರು ಕಾಲುಗಳು: ಬೇಸ್, ಕಲೆಕ್ಟರ್, ಎಮಿಟರ್. ಕಲೆಕ್ಟರಿನಿಂದ ಎಮಿಟರಿಗೆ ಹರಿಯುವ ದೊಡ್ಡ ಪ್ರವಾಹವನ್ನು ಬೇಸಿಗೆ ಕೊಟ್ಟ ಸಣ್ಣ ಸಂಕೇತ ಹೆಚ್ಚುಕಡಿಮೆ ಮಾಡುತ್ತದೆ. ಕಾಲುವೆಯ ಬಾಗಿಲನ್ನು ಬೆರಳಷ್ಟು ಎತ್ತಿದರೆ ಹೊಲಕ್ಕೆ ಬಹಳ ನೀರು ನುಗ್ಗುವುದಿಲ್ಲವೇ, ಹಾಗೆ.

ಆದರೆ ಒಂದೇ ಟ್ರಾನ್ಸಿಸ್ಟರನ್ನು ನಂಬುವಂತಿಲ್ಲ. ಅದು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 10 ಡಿಗ್ರಿ ಏರಿತೆನ್ನಿ, 20 ಮಿಲಿವೋಲ್ಟ್ ಬದಲಾಯಿತು. ನಮ್ಮ ಲೆಕ್ಕದಲ್ಲಿ ಅದು 40 ಟನ್ ಕಬ್ಬಿಗೆ ಸಮ! ಇದಲ್ಲದೆ, ಕಾರ್ಖಾನೆಯ ದೊಡ್ಡ ಮೋಟಾರುಗಳ ವಿದ್ಯುತ್ ಗದ್ದಲವೂ ತಂತಿಗಳಿಗೆ ಹೊಕ್ಕುತ್ತದೆ.

ಇದಕ್ಕೆ ಉಪಾಯವೇ ಡಿಫರೆನ್ಷಿಯಲ್ ಆಂಪ್ಲಿಫೈಯರ್, ಅಂದರೆ ವ್ಯತ್ಯಾಸ ವರ್ಧಕ. ಇದರಲ್ಲಿ ಅವಳಿ ಮಕ್ಕಳಂಥ ಎರಡು ಟ್ರಾನ್ಸಿಸ್ಟರುಗಳನ್ನು ಅಕ್ಕಪಕ್ಕದಲ್ಲಿ ಇಡುತ್ತಾರೆ. ಎರಡರ ಎಮಿಟರುಗಳನ್ನೂ ಒಟ್ಟಿಗೆ ಜೋಡಿಸಿ, ಎರಡೂ ಸೇರಿ ಇಷ್ಟೇ ಪ್ರವಾಹ ಹರಿಯಬೇಕು ಎಂದು ಕಟ್ಟುಮಾಡುತ್ತಾರೆ. ಒಂದು ತಂತಿಯನ್ನು ಒಂದರ ಬೇಸಿಗೆ, ಇನ್ನೊಂದನ್ನು ಇನ್ನೊಂದರ ಬೇಸಿಗೆ ಕೊಡುತ್ತಾರೆ.

ನಮ್ಮ ಹೊಲದ ಉದಾಹರಣೆಯನ್ನೇ ಮುಂದುವರಿಸೋಣ. ಕೃಷ್ಣಾ ನದಿಯಿಂದ ಪೈಪು ತರುವ ನೀರು ಇಷ್ಟೇ ಎಂದು ನಿಗದಿಯಾಗಿದೆ. ಅದು ಎರಡು ಕಾಲುವೆಗಳಿಗೆ ಹಂಚಿಹೋಗುತ್ತಿದೆ. ಎರಡೂ ಬಾಗಿಲುಗಳನ್ನು ಒಂದೇ ಅಳತೆಗೆ ಎತ್ತಿದರೆ ಏನಾಗುತ್ತದೆ? ಆಗಲೂ ಅರ್ಧ ನೀರು ಇಲ್ಲಿ, ಅರ್ಧ ಅಲ್ಲಿ. ಒಂದನ್ನಷ್ಟೇ ಎತ್ತಿ ನೋಡಿ. ಅಲ್ಲಿ ನೀರು ಹೆಚ್ಚುತ್ತದೆ, ಇನ್ನೊಂದರಲ್ಲಿ ಅಷ್ಟೇ ಕಡಿಮೆಯಾಗುತ್ತದೆ.

ಟ್ರಾನ್ಸಿಸ್ಟರ್ ಜೋಡಿಯಲ್ಲಿಯೂ ಹೀಗೆಯೇ. ಬಿಸಿಲು ಇಬ್ಬರನ್ನೂ ಸಮನಾಗಿ ಕಾಯಿಸುತ್ತದೆ. ಮೋಟಾರಿನ ಗದ್ದಲ ಎರಡೂ ತಂತಿಗಳಿಗೆ ಸಮನಾಗಿ ಬರುತ್ತದೆ. ಮೊದಲಿನಿಂದ ಇರುವ 5 ವೋಲ್ಟ್ ಎರಡಕ್ಕೂ ಒಂದೇ. ಸಮನಾದದ್ದರಿಂದ ಹಂಚಿಕೆ ಬದಲಾಗುವುದಿಲ್ಲ. ಆದರೆ ಒಂದು ಬೇಸಿನಲ್ಲಿ 10 ಮಿಲಿವೋಲ್ಟ್ ಹೆಚ್ಚಾದರೆ ಸಾಕು, ಪ್ರವಾಹ ಸುಮಾರು 60ಕ್ಕೆ 40ರಂತೆ ಹಂಚಿಹೋಗುತ್ತದೆ. ಎರಡು ಕಲೆಕ್ಟರುಗಳ ನಡುವೆ ಅಳೆದರೆ ಆ ಸಣ್ಣ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದಕ್ಕೂ ಮೊದಲೇ, 1936ರಲ್ಲಿ, ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್ಲೀನ್ ನಿರ್ವಾತ ಕೊಳವೆಗಳ ಇಂಥ ಜೋಡಿಗೆ ಪೇಟೆಂಟ್ ಕೇಳಿದ್ದರು. ಈಗ ಈ ಜೋಡಿ ಉಗುರಿಗಿಂತ ಚಿಕ್ಕದಾದ ಚಿಪ್ಪಿನೊಳಗೆ ಸೇರಿದೆ. ಆಸ್ಪತ್ರೆಯ ಇ.ಸಿ.ಜಿ. ಯಂತ್ರವೂ ಎದೆಯ ಮೇಲೆ ಸಿಗುವ ಸುಮಾರು 1 ಮಿಲಿವೋಲ್ಟಿನ ಹೃದಯದ ಸಂಕೇತವನ್ನು ಈ ಉಪಾಯದಿಂದಲೇ ಗದ್ದಲದಿಂದ ಬೇರ್ಪಡಿಸುತ್ತದೆ.

ರಜೆಗೆ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜನಿಗೆ ಹೇಳಿದೆ. "ಅಜ್ಜಾ, ಆ ಡಬ್ಬ್ಯಾಗೂ ಎರಡ ತಟ್ಟಿ ಅದಾವ. ಬಾಳ ಸಣ್ಣವು, ಅಷ್ಟ" ಎಂದೆ. ಅಜ್ಜ ತಲೆಯಾಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಆತು. ಖಾಲಿ ಇದ್ದಾಗ ಸೊನ್ನಿ ಇಡಾವ್ರು ಯಾರು?"

ನನ್ನ ಬಾಯಿ ಕಟ್ಟಿತು. ಟ್ರಾನ್ಸಿಸ್ಟರುಗಳು ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಹೇಳುತ್ತವೆ. ಸೊನ್ನೆ ಎಲ್ಲಿಂದ ಶುರು ಎಂಬುದನ್ನು ಮಾತ್ರ ಮನುಷ್ಯನೇ ನಿಲ್ಲಿಸಬೇಕು. ಅದಕ್ಕಾಗಿಯೇ ಕಾನೂನು ಮಾಪನ ಇಲಾಖೆಯವರು ಕಾಟಾಗಳನ್ನು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ.

ಮಕ್ಕಳೇ, ನೀವೂ ಮನೆಯವರ ಜೊತೆ ಕಾಟಾಕ್ಕೆ ಹೋದರೆ ಗಾಡಿ ಏರುವ ಮುನ್ನ ಅಂಕಿಯ ಕಡೆ ನೋಡಿ. ಅಲ್ಲಿ ಸೊನ್ನೆ ಇದೆಯೇ? ಇಲ್ಲದಿದ್ದರೆ ಧೈರ್ಯವಾಗಿ ಕೇಳಿ. ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಎಂದು ನನ್ನಜ್ಜ ನೋಡುತ್ತಿದ್ದುದೂ ಇದನ್ನೇ.