ಗುಡ್ಡೆ ಬಾಡಿನ ಎಸರು

ಯುಗಾದಿಯ ಮಾರನೇ ದಿನ ನಮ್ಮೂರಿನಲ್ಲಿ ಬೆಳಕು ಹರಿಯುವ ಮೊದಲೇ ಮಚ್ಚಿನ ಸದ್ದು ಕೇಳುತ್ತಿತ್ತು. ಹಿಂದಿನ ದಿನ ಬೇವು ಬೆಲ್ಲ, ಒಬ್ಬಟ್ಟು, ಹೊಸ ಬಟ್ಟೆ. ಅದು ದೇವರ ಹಬ್ಬ. ಮಾರನೇ ದಿನದ ವರ್ಷದ ತೊಡಕು, ಕೆಲವರ ಬಾಯಲ್ಲಿ ಹೊಸತೊಡಕು, ನಮ್ಮ ಹಬ್ಬ. ಹುಣಸೆ ಮರದ ಕೆಳಗೆ ತೆಂಗಿನ ಸೋಗೆ ಹಾಸಿ, ಅದರ ಮೇಲೆ ಬಾಳೆ ಎಲೆ ಹರಡಿರುತ್ತಿದ್ದರು. ಹನ್ನೆರಡು ಮನೆಯವರು ದುಡ್ಡು ಹಾಕಿ ತಂದ ಎರಡು ಮರಿಗಳನ್ನು ಅಪ್ಪ, ಚಿಕ್ಕಪ್ಪ ಕುಯ್ದು ಗುಡ್ಡೆ ಹಾಕುತ್ತಿದ್ದರು.

ಮಂಡ್ಯ, ಮೈಸೂರು, ರಾಮನಗರದ ಕಡೆಯವರಿಗೆ ಗುಡ್ಡೆ ಬಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಅಲ್ಲಿ ತಕ್ಕಡಿ ಇರುವುದಿಲ್ಲ. ಹನ್ನೆರಡು ಪಾಲಿಗೆ ಹನ್ನೆರಡು ಎಲೆ. ತೊಡೆಯ ಮಾಂಸ ಬಂದರೆ ಹನ್ನೆರಡು ಎಲೆಗೂ ಒಂದೊಂದು ಹಿಡಿ. ಆಮೇಲೆ ಪಕ್ಕೆಲುಬು, ಲಿವರ್, ಬೋಟಿ, ಕೊಬ್ಬು, ನಲ್ಲಿ ಮೂಳೆ. ಯಾವ ಗುಡ್ಡೆಯನ್ನು ಕೆದಕಿದರೂ ಇಡೀ ಮರಿ ಅದರಲ್ಲಿ ಚೂರುಚೂರಾಗಿ ಇರಬೇಕು. ತಲೆ, ಕಾಲು ಮಾತ್ರ ಬೇರೆ. ಅದಕ್ಕೆ ಮನೆಮನೆಯ ಸರದಿ. ಎಲ್ಲ ಮುಗಿದ ಮೇಲೆ ಒಬ್ಬರು ಮರದ ಕಡೆ ಮುಖ ಮಾಡಿ, ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಇನ್ನೊಬ್ಬರು ಒಂದು ಗುಡ್ಡೆ ಮುಟ್ಟಿ, "ಇದ್ಯಾರ್‍ಗಪ್ಪಾ?" ಅನ್ನುವರು. ಬೆನ್ನು ಹಾಕಿದವರು, "ಬಾವಿ ಮನೆಗೆ" ಅನ್ನುವರು. ಮುಗಿಯಿತು. ಆ ಗುಡ್ಡೆ ಬಾವಿ ಮನೆಯದ್ದು. ಒಂದು ಚೂರು ಮೂಳೆ ಹೆಚ್ಚಾಯಿತೆಂದು ಯಾರೂ ತಕರಾರು ತೆಗೆದದ್ದನ್ನು ನಾನು ಕಂಡಿಲ್ಲ.

ಈ ಸಮಪಾಲು ನಮ್ಮ ಬೀದಿಯ ಗಡಿ ದಾಟಲಿಲ್ಲ ಎಂಬುದನ್ನೂ ಹೇಳಬೇಕು. ಕೇರಿಯವರ ಗುಡ್ಡೆ ಕೇರಿಯಲ್ಲೇ, ನಮ್ಮದು ನಮ್ಮಲ್ಲೇ. ಮರಿಯನ್ನು ಹನ್ನೆರಡು ಪಾಲು ಮಾಡಲು ಬಂದ ಕೈಗಳಿಗೆ ಆ ಒಂದು ಗೆರೆ ಅಳಿಸಲು ಬರಲಿಲ್ಲ. ಆ ಕೊರಗು ಇಟ್ಟುಕೊಂಡೇ ಉಳಿದದ್ದನ್ನು ನೆನೆಯುತ್ತೇನೆ.

ಮರಿ ಅಂದರೆ ಆಗ ನಮಗೆ ಬನ್ನೂರು ಕುರಿಯ ಮರಿ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಲ್ಲಿ ಬಂಡೂರು ಕುರಿ ಅಂತಲೂ ಕರೆಯುತ್ತಾರೆ. ಗಿಡ್ಡ ಕಾಲು, ತುಂಬಿದ ಮೈ, ಬಿಳಿ ಉಣ್ಣೆ, ಕೆಲವಕ್ಕೆ ಕಂದು ಮುಖ. ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದ ಆಕಾರ. ಅದರ ಕೊಬ್ಬು ಮಾಂಸದ ಎಳೆಯೊಳಗೇ ಸೇರಿಕೊಂಡಿರುತ್ತದೆ, ಹಾಗಾಗಿ ಬೇಯುವಾಗ ಮಾಂಸ ಒಣಗುವುದಿಲ್ಲ. ನಮ್ಮ ಕಡೆ ನೂರಾರು ಕುರಿಯ ಮಂದೆ ಕಡಿಮೆ. ಹಿತ್ತಿಲಲ್ಲಿ ನಾಲ್ಕೈದು ಕಟ್ಟಿ ಹಲಸಿನ ಸೊಪ್ಪು, ಬದುವಿನ ಹುಲ್ಲು ಹಾಕಿ ಸಾಕುವುದು ಹೆಂಗಸರ, ಮಕ್ಕಳ ಕೆಲಸ. ಈಗ ಬದು ಸಣ್ಣದಾಗಿದೆ, ಮಕ್ಕಳು ಸ್ಕೂಲ್ ಬಸ್ಸು ಹತ್ತುತ್ತಾರೆ. ಬೇಗ ಬೆಳೆಯಲಿ ಎಂದು ಉದ್ದ ಕಾಲಿನ ಬೇರೆ ತಳಿಗಳ ಜೊತೆ ಬೆರೆಸಿ ಬೆರೆಸಿ, ಶುದ್ಧ ಬನ್ನೂರು ಕುರಿ ಹುಡುಕಿದರೂ ಸಿಗುವುದು ಕಷ್ಟ. ತಳಿ ಉಳಿಸಲೆಂದು ಮಳವಳ್ಳಿ ಬಳಿಯ ಧನಗೂರಿನಲ್ಲಿ ಸರ್ಕಾರದ ಕುರಿ ಫಾರಂ ಇದೆ. ಇರಲಿ, ಬೇಕು. ಆದರೆ ಹಿತ್ತಿಲಲ್ಲಿ ಇದ್ದದ್ದನ್ನು ಫಾರಮ್ಮಿನಲ್ಲಿ ಉಳಿಸಿಕೊಳ್ಳಬೇಕಾಗಿ ಬಂತಲ್ಲ ಎಂದು ಸಂಕಟವಾಗುತ್ತದೆ.

ಗುಡ್ಡೆ ಮನೆಗೆ ಬಂದ ಮೇಲೆ ಅವ್ವನ ರಾಜ್ಯ. ಮೂರು ಕಲ್ಲಿನ ಒಲೆ, ಹುಣಸೆ ಸೌದೆ, ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಅಟ್ಟದಿಂದ ಇಳಿಯುತ್ತಿದ್ದ ಬಾಡಿನ ಮಡಕೆ. ಎಣ್ಣೆ ಕಾದ ಮೇಲೆ ಈರುಳ್ಳಿ, ಅದರ ಮೇಲೆ ಬಾಡು, ಅರಿಶಿನ, ಉಪ್ಪು. ಮೇಲೊಂದು ತಟ್ಟೆ ಮುಚ್ಚುವುದು. "ಬಾಡು ತನ್ ನೀರ ತಾನೇ ಬುಡ್ಬೇಕು. ಅಲ್ಲೀಗಂಟ ಒಂದ್ ತೊಟ್ಟೂ ಹುಯ್ಯಬ್ಯಾಡ" ಎಂದು ನನ್ನ ಅಕ್ಕನಿಗೆ ಅವ್ವ ಹೇಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಆ ನೀರು ಬಿಟ್ಟು, ಅದೇ ನೀರು ಮತ್ತೆ ಇಂಗಿ, ತಳ ಚುರ್ ಎನ್ನುವ ಹೊತ್ತಿಗೆ ಬಿಸಿನೀರು ಹುಯ್ಯಬೇಕು. ಅಷ್ಟರಲ್ಲಿ ಒರಳಿನಲ್ಲಿ ಖಾರ ಸಿದ್ಧ. ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು, ಮನೆಯಲ್ಲೇ ಹುರಿದು ಕುಟ್ಟಿದ ದನಿಯದ ಪುಡಿ, ಖಾರದ ಪುಡಿ. ಅದನ್ನು ಬಳಿದು ಮಡಕೆಗೆ ಹಾಕಿದ ಮೇಲೆ ಎರಡನೇ ಸಲ ಕಾಯಿ, ಗಸಗಸೆ, ಒಂದು ಹಿಡಿ ಹುರಿಗಡಲೆ. ಇದು ಬೆಣ್ಣೆಯಂತೆ ನುಣ್ಣಗಾಗಬೇಕು, ಮಡಕೆಗೆ ಬೀಳುವುದು ಮಾತ್ರ ಕೊನೆಗೆ, ಮಾಂಸ ಮುಕ್ಕಾಲು ಬೆಂದ ಮೇಲೆ. ಒರಳು ತೊಳೆದ ನೀರೂ ಮಡಕೆಗೇ.

ಆಮೇಲೆ ಸೌದೆ ಹಿಂದಕ್ಕೆ ಎಳೆದು ಬರೀ ಕೆಂಡದ ಮೇಲೆ ಬಿಡುತ್ತಿದ್ದಳು. ಅವ್ವ ತಟ್ಟೆ ತೆಗೆದು ನೋಡುತ್ತಿದ್ದದ್ದು ಕಡಿಮೆ. ಹಿಟ್ಟಿಗೆ ಎಸರಿಡುತ್ತಲೋ, ಅಕ್ಕಿ ಆರಿಸುತ್ತಲೋ ಕಿವಿ ಮಾತ್ರ ಅತ್ತ ಇಟ್ಟಿರುತ್ತಿದ್ದಳು. ಮೊದಲು ತೆಳ್ಳಗೆ ಗಳಗಳ ಎನ್ನುತ್ತಿದ್ದ ಕುದಿ, ಗಂಟೆ ಕಳೆದಂತೆ ನಿಧಾನವಾಗಿ, ತಡೆದು ತಡೆದು ಕೊತ್, ಕೊತ್ ಎನ್ನತೊಡಗುತ್ತಿತ್ತು. "ಸದ್ದು ದಪ್ಪ ಆಯ್ತು, ಇಳಿಸ್ಬೋದು" ಅನ್ನುವಳು. ತಟ್ಟೆ ಸರಿಸಿದರೆ ಕೆಂಪಗಿನ ಜಿಡ್ಡು ಮೇಲೆ ತೇಲುತ್ತಿರುತ್ತಿತ್ತು. ಒಲೆಯ ಮುಂದೆ ಸುಳಿದಾಡುತ್ತಿದ್ದ ನನ್ನನ್ನು ಕರೆದು, ಲೋಟದಲ್ಲಿ ಒಂದು ಸೌಟು ಎಸರು, ಅದರಲ್ಲೊಂದು ಲಿವರ್ ಚೂರು ಹಾಕಿ, "ಉಪ್ಪು ನೋಡ್ಲಾ ಮಗ" ಅನ್ನುತ್ತಿದ್ದಳು. ಉಪ್ಪು ನೋಡುವುದಕ್ಕೆ ಅವಳಿಗೆ ನನ್ನ ನಾಲಿಗೆಯ ಅಗತ್ಯವೇನೂ ಇರಲಿಲ್ಲ ಎಂದು ತಿಳಿಯುವಷ್ಟರಲ್ಲಿ ನಾನು ದೊಡ್ಡವನಾಗಿದ್ದೆ.

ಅವ್ವ ಊಟಕ್ಕೆ ಕೂರುವ ಹೊತ್ತಿಗೆ ಮಡಕೆಯಲ್ಲಿ ಎಸರಷ್ಟೇ ಉಳಿದಿರುತ್ತಿತ್ತು. ಒರಳಿನ ಗುಂಡು ತಿರುಗಿಸಿ ಬಲಭುಜ ಊದಿಕೊಂಡು, ರಾತ್ರಿ ಅಕ್ಕನ ಕೈಲಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು. ಹಾಗಾಗಿ ಮಿಕ್ಸಿ ಬಂದದ್ದನ್ನು ನಾನು ಯಾವತ್ತೂ ದೂರುವುದಿಲ್ಲ. ಒರಳು ವಾಪಸ್ಸು ಬರಲಿ ಎಂದು ಹಂಬಲಿಸುವವರು ಒಂದು ಸಲ ಅದರ ಮುಂದೆ ಕೂತು ಎದ್ದಿರಬೇಕು.

ನನಗೆ ನೋವಾಗುವುದು ಬೇರೆ ಕಡೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಈಗ ಬಾಡಿನ ಸಾರು ಭಾನುವಾರದ ಅಡುಗೆ, ಕುಕ್ಕರಿನಲ್ಲಿ ಐದು ಕೂಗು. ರುಚಿ ಇಲ್ಲವೆಂದಲ್ಲ. ಆದರೆ ಕುಕ್ಕರಿನೊಳಗೆ ನೀರು ಇಂಗುವುದಿಲ್ಲ, ಎಸರು ತೆಳ್ಳಗೇ ಉಳಿಯುತ್ತದೆ; ಅದನ್ನು ಗಟ್ಟಿ ಮಾಡಲು ಇನ್ನಷ್ಟು ಹುರಿಗಡಲೆ, ಗೋಡಂಬಿ ಬೇಕಾಗುತ್ತದೆ. ಅವ್ವನ ಎಸರು ಗಟ್ಟಿಯಾಗುತ್ತಿದ್ದದ್ದು ಮೂಳೆ ಬಿಟ್ಟ ಅಂಟಿನಿಂದ. ಅದಕ್ಕೆ ಹೊತ್ತು ಬೇಕು, ಮೂಳೆಯೂ ಬೇಕು. ಅಂಗಡಿಯ ಮುಂದೆ ನಿಂತವರೆಲ್ಲ ಕೇಳುವುದು ತೊಡೆಯನ್ನೇ. "ಮೂಳೆ ಕಮ್ಮಿ ಹಾಕಿ, ಕೊಬ್ಬು ಬೇಡ, ಬೋಟಿ ಬೇಡ." ಕಿಲೋಗೆ ಅಷ್ಟೊಂದು ದುಡ್ಡು ಕೊಡುವವರು ಆರಿಸಿಕೊಳ್ಳುವುದು ತಪ್ಪೆನ್ನಲಾರೆ. ಹಾಗೆ ಆರಿಸಿ ಆರಿಸಿ, ಎಸರಿಗೆ ಎಸರಿನ ಗುಣ ಕೊಡುತ್ತಿದ್ದದ್ದನ್ನೆಲ್ಲ ಹೊರಗೇ ಬಿಟ್ಟು ಬರುತ್ತಿದ್ದೇವೆ. ಗುಡ್ಡೆಯಲ್ಲಿ ಆರಿಸುವ ಮಾತೇ ಇರಲಿಲ್ಲ. ಬಂದದ್ದನ್ನೆಲ್ಲ ಒಂದೇ ಮಡಕೆಗೆ ಹಾಕಬೇಕಿತ್ತು. ಅವ್ವನ ಕೈರುಚಿ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದರಲ್ಲಿ ಅರ್ಧ ಆ ಗುಡ್ಡೆಯ ರುಚಿ.

ಒಮ್ಮೆ ಅಂಗಡಿಯವರನ್ನು, "ಎಲ್ಲದರಲ್ಲೂ ಒಂದೊಂದು ಚೂರು ಹಾಕಿ ಅಣ್ಣ, ಗುಡ್ಡೆ ಥರ" ಎಂದು ಕೇಳಿದೆ. ಅವರು ಮಾಗಡಿ ಕಡೆಯವರಂತೆ. ಮಚ್ಚು ಕೆಳಗಿಟ್ಟು ನನ್ನ ಮುಖ ನೋಡಿದರು. ಹಾಕಿಕೊಟ್ಟು, ನಲ್ಲಿ ಮೂಳೆಗೆ ದುಡ್ಡು ಬೇಡವೆಂದರು.

ಹೊಸತೊಡಕಿನ ದಿನ ಬೆಂಗಳೂರಿನ ಬಾಪೂಜಿನಗರದ ಮಟನ್ ಅಂಗಡಿಯ ಮುಂದೆ ನಸುಕಿನಲ್ಲೇ ಸಾಲು ನಿಲ್ಲುತ್ತದೆ. ಅದಕ್ಕೆಂದೇ ವರ್ಷವಿಡೀ ಚೀಟಿ ಕಟ್ಟುವವರಿದ್ದಾರೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟವೂ ಇರಲಿ ಎಂಬ ಕೂಗೆದ್ದಿತು; ನನ್ನ ಮನಸ್ಸೂ ಆ ಕೂಗಿನ ಜೊತೆಗೇ ಇತ್ತು. ಬಾಡು ತಿನ್ನುವವರು ಕಡಿಮೆಯಾಗಿಲ್ಲ, ಅದರ ಅಭಿಮಾನವೂ ಇಳಿದಿಲ್ಲ. ಸಾಲಿನಲ್ಲಿ ನಿಂತವರು ಮಾತ್ರ ಒಬ್ಬೊಬ್ಬರೂ ಒಂದೊಂದು ಕಪ್ಪು ಕವರು ಹಿಡಿದು ಒಬ್ಬೊಬ್ಬರೇ ಮನೆಗೆ ಹೋಗುತ್ತಾರೆ. ಪಕ್ಕದಲ್ಲಿ ನಿಂತವರ ಮನೆಯ ಎಸರು ಹೇಗಾಯಿತೆಂದು ಅವರಿಗೆ ಗೊತ್ತಾಗುವುದಿಲ್ಲ. ನಮ್ಮ ಬೀದಿಯಲ್ಲಿ ಹನ್ನೆರಡೂ ಮಡಕೆಯಲ್ಲಿ ಬೇಯುತ್ತಿದ್ದದ್ದು ಅವೇ ಎರಡು ಮರಿ; ಮಧ್ಯಾಹ್ನದ ಹೊತ್ತಿಗೆ ಲೋಟದಲ್ಲಿ ಎಸರು ಆ ಮನೆಯಿಂದ ಈ ಮನೆಗೆ ಓಡಾಡುತ್ತಿತ್ತು. ಯಾರ ಮನೆಯದು ಖಾರ, ಯಾರ ಮನೆಯದು ಹುಳಿ ಎಂದು ಸಂಜೆಯವರೆಗೂ ಜಗಲಿಯ ಮೇಲೆ ಅದೇ ಮಾತು.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಅವ್ವ ಇಲ್ಲ, ಅಪ್ಪನೂ ಇಲ್ಲ. ಹುಣಸೆ ಮರ ಇದೆ. ಹನ್ನೆರಡು ಮನೆಯಲ್ಲಿ ಪಾಲು ಹಾಕಿದ್ದು ಐದು. ಒಂದೇ ಮರಿ, ಅದೂ ಸಂತೆಯಿಂದ ತಂದ ಉದ್ದ ಕಾಲಿನದು. ಆದರೂ ಸೋಗೆ ಹಾಸಿ, ಎಲೆ ಹರಡಿ, ಐದು ಗುಡ್ಡೆ ಹಾಕಿದರು. ಚಿಕ್ಕಪ್ಪ ಮರದ ಕಡೆ ತಿರುಗಿ ನಿಂತರು. ನಾನೇ ಬಗ್ಗಿ ಮೊದಲ ಗುಡ್ಡೆ ಮುಟ್ಟಿ, "ಇದ್ಯಾರ್‍ಗೆ ಚಿಕ್ಕಪ್ಪಾ?" ಎಂದೆ.

"ಬಾವಿ ಮನೆಗೆ" ಅಂದರು.

ಬಾವಿ ಮನೆಗೆ ಬೀಗ ಬಿದ್ದು ನಾಲ್ಕು ವರ್ಷವಾಗಿದೆ. ಯಾರೂ ಮಾತಾಡಲಿಲ್ಲ. ಚಿಕ್ಕಪ್ಪನೂ ತಿರುಗಿ ನೋಡಲಿಲ್ಲ, ಮರದ ತೊಗಟೆಯ ಮೇಲೆ ಕೈ ಊರಿಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ನಮ್ಮ ಮನೆಯ ಹೆಸರು ಹೇಳಿದರು.