ಬಳೆಗಾರರ ಮನೆಯ ಹುಡುಗ

ಇಂಗ್ಲೆಂಡಿನ ಕವಿ ಚಾಸರ್ ‘ಕ್ಯಾಂಟರ್ಬರಿ ಟೇಲ್ಸ್’ನ ಕೊನೆಗೊಂದು ಕ್ಷಮಾಪಣೆ ಬರೆದಿದ್ದಾನೆ. ಲೌಕಿಕದ ಕತೆ ಹೇಳಿ ಪಾಪ ಕಟ್ಟಿಕೊಂಡೆ, ದೇವರು ಮನ್ನಿಸಲಿ ಅಂತ. ಅಷ್ಟೆಲ್ಲ ಚೆಂದದ ಕತೆ ಹೇಳಿ ಕೊನೆಗೆ ಹೀಗೆ ಕೈಚೆಲ್ಲಬೇಕೆ? ಅದನ್ನು ನೆನೆದಾಗಲೆಲ್ಲ ಧರ್ಮ, ಲೌಕಿಕ ಎರಡನ್ನೂ ಬರೆದ ನಮ್ಮ ಮುಧೋಳದ ಕವಿ ರನ್ನ ಕಣ್ಮುಂದೆ ಬರುತ್ತಾನೆ.

ಚಾಸರನಿಗಿಂತ 4 ಶತಮಾನ ಹಿರಿಯ. ಬಳೆಗಾರರ ಮನೆಯವನು, ಜೈನ. 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ಎರಡನೆಯ ತೀರ್ಥಂಕರನ ಕತೆ ‘ಅಜಿತಪುರಾಣ’ ಬರೆದ. ಅದು ಧರ್ಮದ ಲೆಕ್ಕ. ಅವನ ಇನ್ನೊಂದು ಕಾವ್ಯ, ಮಹಾಭಾರತದ ಕತೆಯ ‘ಗದಾಯುದ್ಧ’ದ್ದು ಲೌಕಿಕದ ಲೆಕ್ಕ: ಚಾಲುಕ್ಯರ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಬೇಕಿತ್ತು. ಹೊಗಳಿದ, ನಿಜ. ಆದರೆ ಓದುವವರ ಕಣ್ಣು ಒದ್ದೆಯಾಗುವುದು ಭೀಮನಿಗಾಗಿ ಅಲ್ಲ! ಸಂಜಯನ ಜೊತೆ ಹೆಣಗಳ ನಡುವೆ ಹೆಜ್ಜೆ ಹಾಕುವ ದುರ್ಯೋಧನ ದುಃಶಾಸನನನ್ನು, ಕರ್ಣನನ್ನು ಕಂಡು ಗೋಳಾಡುತ್ತಾನೆ. ಹಗೆಯ ಮಗ ಅಭಿಮನ್ಯುವಿನ ಶವದೆದುರು ನಿಂತು ಅವನ ಶೌರ್ಯವನ್ನು ಕೊಂಡಾಡುತ್ತಾನೆ, ತನಗೂ ಅಂಥ ಸಾವು ಬರಲಿ ಎನ್ನುತ್ತಾನೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ನಾವು ಗೆರೆ ಎಳೆದುಕೊಂಡು ಕೂತಿದ್ದರೆ ರನ್ನ ಬಂದು ಅದನ್ನು ಕಾಲಲ್ಲಿ ಅಳಿಸಿಬಿಡುತ್ತಾನೆ.

ಹೀಗೆ ಗೆರೆ ಅಳಿಸುವುದರಲ್ಲಿ ಚಾಸರನೂ ಕಿಲಾಡಿಯೇ ಅನ್ನಿ. ದುರಾಸೆ ಪಾಪ ಎಂಬ ಕತೆಯನ್ನು ಅವನು ಹೇಳಿಸಿದ್ದು ಪಾಪಕ್ಷಮೆಯ ಪತ್ರ ಮಾರಿ ದುಡ್ಡು ಮಾಡುವವನ ಬಾಯಿಂದ.

ಮುಧೋಳ, ಜಮಖಂಡಿ ಕಡೆಯ ಮೇಷ್ಟ್ರೇ, ಮುಂದಿನ ಪಾಠದಲ್ಲಿ ಮಕ್ಕಳಿಗೆ ಭೀಮನ ಗದೆಗಿಂತ ಮೊದಲು ಆ ಅಭಿಮನ್ಯುವಿನ ಪ್ರಸಂಗವನ್ನು ಗಟ್ಟಿಯಾಗಿ ಓದಿ ಹೇಳಿ.